ಹಸಿರೆಲೆ ಕೀಳಬೇಕಾ, ಕುಡಿ ಚಿವುಟಬೇಕಾ, ಸುಮ್ನೆ ಬಿಡಬೇಕಾ? ತೊಗರಿ ನಾಡಿನ ಲೆಕ್ಕ

ಹೋದ ಮಾರ್ಚ್ ತಿಂಗಳ ಮಾತು. ಕಲಬುರಗಿಯ ನಮ್ಮ ಮನೆಯ ಮಾಳಿಗೆ ಮೇಲೆ ಹನ್ನೊಂದು ಟೊಮ್ಯಾಟೊ ಗಿಡ ಇದ್ದವು. ಕಾಯಿ ಹಿಡಿದು, ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದ್ದವು. ಒಂದು ಸಂಜೆ ತಂಗಿಯ ಮಗ ಕತ್ತರಿ ಹಿಡಿದು ಮೇಲೆ ಹೋದ. ಏಳು ಗಿಡದ ದೊಡ್ಡ ದೊಡ್ಡ ಎಲೆಗಳನ್ನೆಲ್ಲ ಸವರಿ ಹಾಕಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ನಾಲ್ಕು ಗಿಡ ಬಚಾವಾದವು.

"ಯಾಕೋ ಹಿಂಗ ಮಾಡ್ದಿ?" ಅಂದೆ.

"ಮಾಮಾ, ಎಲಿ ಕಿತ್ತರ ಬಿಸಲು ಒಳಗ ಬೀಳ್ತದ, ಕಾಯಿ ದಪ್ಪ ಆಗ್ತಾವ. ವಿಡಿಯೋದಾಗ ನೋಡೀನಿ."

ಹತ್ತು ದಿನ ಕಳೆಯುವುದರೊಳಗೆ ಆ ಏಳು ಗಿಡಗಳ ಕಾಯಿಯ ಹೆಗಲ ಮೇಲೆ ಬಿಳಿ ಕಾಗದ ಅಂಟಿಸಿದಂಥ ಕಲೆ ಬಂತು. ಆಮೇಲೆ ಅದೇ ಜಾಗ ಕಪ್ಪಾಗಿ ಕೊಳೆಯಿತು. ಕರೆಂಟ್ ಕಾಪಾಡಿದ ನಾಲ್ಕು ಗಿಡದಲ್ಲಿ ಕಾಯಿ ನೆಟ್ಟಗೇ ಇದ್ದವು. ಬೇಕೆಂದೇ ಪ್ರಯೋಗ ಮಾಡಿದ್ದರೂ ಇಷ್ಟು ಚೊಕ್ಕಟಾಗಿ ಆಗುತ್ತಿರಲಿಲ್ಲ.

ಅವನ ವಿಡಿಯೋ ಯಾವುದು ಅಂತ ನೋಡಿದೆ. ಕೆನಡಾದ್ದು. ಗಿಡ ಟೊಮ್ಯಾಟೊ ಅಲ್ಲವೇ ಅಲ್ಲ, ಗಾಂಜಾ! ಹುಡುಗನಿಗೆ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಗಿಡ ಯಾವುದಾದ್ರೇನು ಮಾಮಾ, ಎಲಿ ಎಲಿನೇ ಅಲ್ಲ?"

ಈ ಬರಹ ಅವನ ಆ ಪ್ರಶ್ನೆಗೆ ಉತ್ತರ. ಎಲೆ ಎಲೆಯೇ, ನಿಜ. ಆದರೆ ಎಲೆಯೂ ಕುಡಿಯೂ ಒಂದಲ್ಲ. ಅಲ್ಲಿಯ ದೀಪವೂ ಇಲ್ಲಿಯ ಬಿಸಿಲೂ ಒಂದಲ್ಲ. ಇವೆರಡನ್ನು ಬೇರೆ ಮಾಡಿಕೊಂಡರೆ ಏನು ಕೀಳಬೇಕು, ಏನು ಬಿಡಬೇಕು ಅನ್ನೋದು ಹೆಚ್ಚುಕಮ್ಮಿ ತಾನೇ ತಿಳಿಯುತ್ತದೆ.

ಅಲ್ಲಿ ಯಾಕೆ ಕೀಳುತ್ತಾರೆ

ಮೊದಲೇ ಒಂದು ಮಾತು. ಗಾಂಜಾ ಗಿಡ ಬೆಳೆಯುವುದು ನಮ್ಮಲ್ಲಿ ಅಪರಾಧ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದಕ್ಕೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಹತ್ತಿ ಸಾಲಿನ ನಡುವೆ, ಕಬ್ಬಿನ ಗದ್ದೆಯೊಳಗೆ ಗಿಡ ಸಿಕ್ಕಿ ಕೇಸಾದ ಸುದ್ದಿ ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಯವರು ಆಗಾಗ ಓದುತ್ತಲೇ ಇರುತ್ತಾರೆ. ಕೆನಡಾದಲ್ಲಿ 2018ರಿಂದ ಕಾನೂನೇ ಒಪ್ಪಿದೆ, ಬಹಳಷ್ಟು ಕಡೆ ಒಂದು ಮನೆಗೆ ನಾಲ್ಕು ಗಿಡ ಇಟ್ಟುಕೊಳ್ಳಬಹುದು. ಹಾಗಾಗಿ ಅಲ್ಲಿಯವರು ರಾಜಾರೋಷವಾಗಿ ವಿಡಿಯೋ ಮಾಡಿ ಹಾಕುತ್ತಾರೆ. ನಮ್ಮ ಹುಡುಗರು ಅದನ್ನು ನೋಡಿ ಬದನೆ ಗಿಡಕ್ಕೆ ಕತ್ತರಿ ಹಾಕುತ್ತಾರೆ. ನನ್ನ ತಕರಾರು ಅಷ್ಟೇ.

ಅವರು ಎಲೆ ಕೀಳುವುದಕ್ಕೆ ಅವರದೇ ಕಾರಣಗಳಿವೆ. ಗಿಡ ಇರುವುದು ಮುಚ್ಚಿದ ಕೋಣೆಯಲ್ಲಿ ಇಲ್ಲವೇ ಬಟ್ಟೆಯ ಟೆಂಟಿನಲ್ಲಿ. ದೀಪ ನೆತ್ತಿಯ ಮೇಲೆ ನಿಂತಲ್ಲೇ ನಿಂತಿರುತ್ತದೆ, ಸೂರ್ಯನ ಹಾಗೆ ಮೂಡಣದಿಂದ ಪಡುವಣಕ್ಕೆ ಹೋಗುವುದಿಲ್ಲ. ಮೇಲಿನ ಎಲೆ ನೆರಳು ಮಾಡಿದರೆ ಕೆಳಗಿನ ಕೊಂಬೆಗೆ ದಿನವಿಡೀ ಕತ್ತಲೆ. ಕೋಣೆಯ ಗಾಳಿಯಲ್ಲಿ ತೇವ ಜಾಸ್ತಿ. ಎಲೆ ಒತ್ತಾಗಿದ್ದರೆ ಹೂವಿನ ಗೊಂಚಲಿಗೆ ಬೂದು ಬೂಸು ಹತ್ತುತ್ತದೆ. ಇನ್ನೊಂದು ಮಾತು, ಅವರು ಮಾರುವುದು ಕಾಳಿಲ್ಲದ ಹೂವಿನ ಗೊಂಚಲು. ಕಾಳು ತುಂಬಿಸುವ ಭಾರ ಆ ಗಿಡಕ್ಕೆ ಇಲ್ಲ.

ಇಷ್ಟಿದ್ದೂ ಅವರಲ್ಲೇ ಎರಡು ಪಕ್ಷ. ಒಬ್ಬರು ಹೂವು ಶುರುವಾದ ಮೂರನೇ ವಾರಕ್ಕೆ ದೊಡ್ಡ ಎಲೆಯೆಲ್ಲ ತೆಗೆ ಅನ್ನುತ್ತಾರೆ. ಇನ್ನೊಬ್ಬರು ಹಸಿರು ಎಲೆಗೆ ಕೈ ಹಚ್ಚಲೇಬೇಡ, ಬೇಕಿದ್ದರೆ ಬಾಗಿಸಿ ಕಟ್ಟು ಅನ್ನುತ್ತಾರೆ. ನನಗೇನೋ ಎರಡನೆಯವರ ಮಾತೇ ಸರಿ ಅನಿಸುತ್ತದೆ. ಬಾಗಿಸಿ ಕಟ್ಟಿದ ಎಲೆಯನ್ನು ನಾಳೆ ಬಿಚ್ಚಬಹುದು. ಕಿತ್ತದ್ದನ್ನು ಮತ್ತೆ ಅಂಟಿಸಲಿಕ್ಕೆ ಬರುವುದಿಲ್ಲ.

ಈಗ ಅವರ ಕಾರಣಗಳನ್ನು ಒಂದೊಂದಾಗಿ ನಮ್ಮ ಹೊಲಕ್ಕೆ ತಂದು ನೋಡಿ. ದೀಪದ ಬದಲು ಸೂರ್ಯ, ಬೆಳಿಗ್ಗೆ ಒಂದು ಮಗ್ಗುಲು, ಸಂಜೆ ಇನ್ನೊಂದು ಮಗ್ಗುಲು ಬೆಳಕು. ಮೇ ತಿಂಗಳಲ್ಲಿ 42-43 ಡಿಗ್ರಿ, ಒಣ ಗಾಳಿ, ಬೂಸು ಎಲ್ಲಿಂದ ಬರಬೇಕು? ನಮಗೆ ಬೇಕಾದದ್ದು ಕಾಳು, ಕಾಯಿ. ಹಾಗಾದರೆ ಎಲೆ ಕೀಳುವ ಕಾರಣ ಎಲ್ಲಿ ಉಳಿಯಿತು? ಉಲ್ಟಾ, ನಮ್ಮಲ್ಲಿ ಎಲೆ ಅಂದರೆ ಕಾಯಿಗೆ ಕೊಡೆ. ನನ್ನ ಏಳು ಟೊಮ್ಯಾಟೊ ಗಿಡದಲ್ಲಿ ಆದದ್ದು ಕೊಡೆ ಕಸಿದುಕೊಂಡ ಫಲ.

"ಕೆಳಗಿನ ಎಲೆ ಸುಮ್ನೆ ಕೂತು ಉಣ್ಣುತ್ತದೆ" ಅನ್ನೋ ಮಾತು

ಎಲೆ ಕೀಳುವವರು ಯಾವಾಗಲೂ ಹೇಳುವ ಮಾತು ಇದು. ನೆರಳಿನಲ್ಲಿರುವ ಎಲೆ ದುಡಿಯುವುದಿಲ್ಲ, ಗಿಡದ ಸತ್ವ ಹೀರುತ್ತದೆ, ಆದ್ದರಿಂದ ಕಿತ್ತುಹಾಕು. ಕೇಳಲಿಕ್ಕೆ ಸರಿ ಅನಿಸುತ್ತದೆ. ಆದರೆ ಗಿಡದ ಒಳಗಿನ ವ್ಯವಹಾರ ಹಾಗಿಲ್ಲ.

ಎಳೆ ಎಲೆ ಇರುವಾಗ ಅದು ಉಣ್ಣುವ ಬಾಯಿ. ಬೇರೆ ಎಲೆಗಳು ಮಾಡಿದ ಸಕ್ಕರೆ ಅದಕ್ಕೆ ಹೋಗುತ್ತದೆ. ಸುಮಾರು ಅರ್ಧ ಬೆಳೆದ ಮೇಲೆ ಅದು ದುಡಿಯುವ ಕೈ ಆಗುತ್ತದೆ, ತಾನು ಮಾಡಿದ್ದನ್ನು ಹೊರಗೆ ಕಳಿಸಲು ಶುರು ಮಾಡುತ್ತದೆ. ಒಮ್ಮೆ ಕಳಿಸಲು ಶುರು ಮಾಡಿದ ಎಲೆ ಮತ್ತೆ ಬೇಡಿ ಉಣ್ಣುವುದಿಲ್ಲ. ನೆರಳು ಜಾಸ್ತಿಯಾಗಿ ತನ್ನ ಖರ್ಚಿಗೂ ದುಡಿಮೆ ಸಾಲದಿದ್ದರೆ, ಅದರಲ್ಲಿರುವ ಸಾರಜನಕವನ್ನು ಗಿಡವೇ ವಾಪಸ್ ಎಳೆದುಕೊಂಡು ಮೇಲಿನ ಎಲೆಗೆ ಕೊಡುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ. ಅಂದರೆ ಕೆಲಸಕ್ಕೆ ಬಾರದ ಎಲೆಯನ್ನು ಗಿಡ ತಾನೇ ಬಿಡಿಸಿಕೊಳ್ಳುತ್ತದೆ, ಅದೂ ಜೇಬೆಲ್ಲ ಖಾಲಿ ಮಾಡಿಸಿಕೊಂಡು. ನಾವು ಹಸಿರಿರುವಾಗಲೇ ಕಿತ್ತರೆ ಆ ಸಾರಜನಕ ನಮ್ಮ ಕೈಯಲ್ಲಿ ಕಸವಾಗಿ ಬರುತ್ತದೆ.

ತೊಗರಿ ಹೊಲದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಡಿಸೆಂಬರ್ ಹೊತ್ತಿಗೆ ಸಾಲಿನ ನಡುವೆ ಕಾಲಿಟ್ಟರೆ ಒಣ ಎಲೆಯ ಹಾಸು. ಹಿಂದಿನವರು ತೊಗರಿ ಹಾಕಿದ ಹೊಲಕ್ಕೆ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆ ಅಂತಿದ್ದದ್ದು ಸುಮ್ನೆ ಅಲ್ಲ. ಸಾರಜನಕ ಕೂಡಿಡುವ ಬೇರಿನ ಗಂಟಿನ ಜೊತೆ ಈ ಎಲೆ ಹಾಸಿಗೂ ಅದರಲ್ಲಿ ಪಾಲಿದೆ.

ಕುಡಿ ಚಿವುಟುವುದು ಬೇರೆ ಆಟ

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಂಗಾದ್ರ ತೊಗರಿ ಕುಡಿ ಚೂಟ್ರಿ ಅಂತ ಕೃಷಿ ಇಲಾಖೆಯವ್ರು ಯಾಕ ಹೇಳ್ತಾರ?"

ಒಳ್ಳೆಯ ಪ್ರಶ್ನೆ. ಇದರ ಉತ್ತರ ಸ್ವಲ್ಪ ಉದ್ದ. ಕಲಬುರಗಿಯವರಿಗೆ ತೊಗರಿ ಅಂದರೆ ಬರೀ ಬೆಳೆ ಅಲ್ಲ. ಜಿಲ್ಲೆಗೆ ತೊಗರಿ ಕಣಜ ಅನ್ನೋ ಹೆಸರೇ ಇದೆ, ಇಲ್ಲಿಯ ಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಪಟ್ಟಿಯಲ್ಲಿ ಹೆಸರು ಇನ್ನೂ 'ಗುಲ್ಬರ್ಗಾ ತೂರ್ ದಾಲ್' ಅಂತಲೇ ಇದೆ. ಊರಿನ ಹೆಸರು 2014ರಲ್ಲೇ ಬದಲಾದರೂ ಬೇಳೆ ಹಳೆಯ ಹೆಸರನ್ನೇ ಹಿಡಿದುಕೊಂಡು ಕೂತಿದೆ.

ಗಿಡದ ತುದಿಯ ಮೊಳಕೆಯಲ್ಲಿ ಆಕ್ಸಿನ್ ಅನ್ನೋ ರಸ ಹುಟ್ಟುತ್ತದೆ. ಅದು ಕೆಳಗೆ ಇಳಿಯುತ್ತಾ ಪಕ್ಕದ ಮೊಗ್ಗುಗಳಿಗೆ "ನೀವು ಸುಮ್ನಿರಿ" ಅನ್ನುತ್ತಿರುತ್ತದೆ. ಹಿರಿಯಣ್ಣ ಇರುವ ಮನೆಯಲ್ಲಿ ತಮ್ಮಂದಿರು ಬಾಯಿ ಬಿಡದ ಹಾಗೆ. ತುದಿ ಚಿವುಟಿದರೆ ಆ ಅಂಕೆ ತಪ್ಪುತ್ತದೆ. ಹತ್ತು ಹದಿನೈದು ದಿನದಲ್ಲಿ ಪಕ್ಕದ ಮೊಗ್ಗುಗಳು ಕೊಂಬೆಯಾಗಿ ಹೊರಡುತ್ತವೆ. ತೊಗರಿಯಲ್ಲಿ ಹೂವು ಬರುವುದು ಕೊಂಬೆಯಲ್ಲಿ. ಕೊಂಬೆ ಜಾಸ್ತಿಯಾದರೆ ಹೂ ಗೊಂಚಲಿಗೆ ಜಾಗ ಜಾಸ್ತಿ.

ಇಲ್ಲಿ ನಾವು ಕಳೆದುಕೊಳ್ಳುವುದು ಎರಡು ಮೂರು ಇಂಚು ಕುಡಿ, ಅದರಲ್ಲಿರುವ ನಾಲ್ಕಾರು ಎಳೆ ಎಲೆ. ಅವು ಇನ್ನೂ ದುಡಿಯಲು ಶುರು ಮಾಡದ, ಉಣ್ಣುವ ಎಲೆಗಳು. ಕೆಳಗಿನ ದುಡಿಯುವ ಎಲೆ ಒಂದೂ ಹೋಗಿಲ್ಲ. ಎಲೆ ಕೀಳುವುದಕ್ಕೂ ಕುಡಿ ಚಿವುಟುವುದಕ್ಕೂ ಇರುವ ಅಂತರ ಇದೇ. ಒಂದರಲ್ಲಿ ದುಡಿಯುವವನನ್ನು ಕೆಲಸದಿಂದ ತೆಗೆಯುತ್ತೇವೆ. ಇನ್ನೊಂದರಲ್ಲಿ ಯಜಮಾನಿಕೆ ಹಂಚುತ್ತೇವೆ.

ಹಾಗಂತ ಎಲ್ಲರೂ ಚಿವುಟಬೇಕಾ? ನಾನು ಹಾಗೆ ಹೇಳಲಾರೆ. ಇಲ್ಲೂ ಎರಡು ದಾರಿ ಇದೆ, ಎರಡನ್ನೂ ತೂಗಿ ನೋಡಬೇಕು.

ಚಿವುಟುವುದು ಯಾವಾಗ ಲಾಭ: ಜೂನ್ ಕೊನೆ, ಜುಲೈ ಮೊದಲಲ್ಲಿ ಬಿತ್ತಿದ ಬೆಳೆ, ಎರೆ ಹೊಲ, ಸಾಲಿನಿಂದ ಸಾಲಿಗೆ ಮೂರು ನಾಲ್ಕು ಅಡಿ ಅಂತರ, ನೆಲದಲ್ಲಿ ಹಸಿ ಇದೆ. ಇಂಥಲ್ಲಿ ಬಿತ್ತಿದ 45ರಿಂದ 55 ದಿನದೊಳಗೆ ಚಿವುಟಬೇಕು. ಆಗ ಗಿಡ ಮೊಣಕಾಲಿನಿಂದ ಸೊಂಟದ ಮಟ್ಟದಲ್ಲಿರುತ್ತದೆ. ಕೊಂಬೆ ಒಡೆದು ಬೆಳೆಯಲು ಅದಕ್ಕೆ ಸಮಯವೂ ಇರುತ್ತದೆ, ಜಾಗವೂ ಇರುತ್ತದೆ. ಗಿಡ ಎತ್ತರ ಹೋಗದೆ ಗುಡಾರದ ಹಾಗೆ ಹರಡುತ್ತದೆ. ಇದರ ಇನ್ನೊಂದು ಲಾಭವನ್ನು ಪುಸ್ತಕದವರು ಅಷ್ಟು ಹೇಳುವುದಿಲ್ಲ, ಹೊಲದವರಿಗೆ ಗೊತ್ತು. ಕಾಯಿಕೊರಕ ಬಂದಾಗ ಔಷಧಿ ಹೊಡೆಯುವುದು ಸಲೀಸು. ತಲೆ ಮೇಲೆ ಹೋದ ತೊಗರಿಗೆ ಪಂಪು ಹೊತ್ತು ಹೊಡೆಯುವವನ ಕಷ್ಟ ಕೇಳಿ ನೋಡಿ, ಅರ್ಧ ಔಷಧಿ ಅವನ ಮುಖದ ಮೇಲೇ ಇರುತ್ತದೆ. ನಮ್ಮ ಭಾಗದ ಹಳೆಯ ಪದ್ಧತಿ ಒಂದಿದೆ, ಸಾಲಿನಲ್ಲಿ ತಾಡಪತ್ರಿ ಹಾಸಿ ಗಿಡ ಅಲುಗಾಡಿಸಿ ಕೀಡಿ ಬೀಳಿಸುವುದು. ಅದಕ್ಕೂ ಗಿಡ ಗಿಡ್ಡ ಇದ್ದರೇ ಒಳ್ಳೆಯದು.

ಬಿಡುವುದು ಯಾವಾಗ ಲಾಭ: ಮಳೆ ತಡವಾಗಿ ಆಗಸ್ಟಿನಲ್ಲಿ ಬಿತ್ತಿದ್ದರೆ ಬಿಟ್ಟುಬಿಡಿ. ಹಗಲು ಚಿಕ್ಕದಾಗುತ್ತಾ ಬಂದ ಹಾಗೆ ತೊಗರಿ ಹೂವಿನ ಕಡೆ ಹೊರಳುತ್ತದೆ. ಕೊಂಬೆ ಬೆಳೆಸಲು ಅದಕ್ಕೆ ಪುರಸೊತ್ತೇ ಇರುವುದಿಲ್ಲ. ಆಗ ಚಿವುಟಿದರೆ ಮೊದಲ ಹೂವನ್ನೇ ಚಿವುಟಿದ ಹಾಗೆ. ಮಳೆ ಕೈಕೊಟ್ಟು ಮೂರು ವಾರವಾಗಿ ಎಲೆ ಬಾಡುತ್ತಿದ್ದರೂ ಬೇಡ. ಒಣಗಿದ ನೆಲದಲ್ಲಿ ಹೊಸ ಕೊಂಬೆ ಎಲ್ಲಿಂದ ಬರಬೇಕು? ಸಾಲು ಒತ್ತಾಗಿ ಬಿತ್ತಿ, ಗಿಡ ಗಿಡಕ್ಕೆ ತಾಗುತ್ತಿದ್ದರೆ ಚಿವುಟಿದ ಲಾಭ ಕೂಲಿಗೆ ಸಮ ಆದೀತು. ಇನ್ನು ಮಸಾರಿ, ಮರಡಿ ನೆಲದ ತೆಳು ಮಣ್ಣಿನಲ್ಲಿ ಗಿಡವೇ ಎರಡೂವರೆ ಅಡಿ ದಾಟುವುದಿಲ್ಲ. ಅದಕ್ಕೆ ಇನ್ನೇನು ಗಿಡ್ಡ ಮಾಡುವುದು?

ಕೈಯಿಂದ ಚಿವುಟುವುದಾ, ಯಂತ್ರದಿಂದಲಾ? ಈಗ ಬ್ಯಾಟರಿ ಮೇಲೆ ನಡೆಯುವ, ಕೋಲಿನ ತುದಿಗೆ ತಿರುಗುವ ಬ್ಲೇಡ್ ಇರುವ ಯಂತ್ರ ಎಲ್ಲ ಕಡೆ ಕಾಣುತ್ತವೆ. ಕೆಲಸ ಜಲ್ದಿ ಮುಗಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಕಣ್ಣಿಲ್ಲ. ಕೈಯಿಂದ ಚಿವುಟುವ ಹೆಣ್ಣುಮಕ್ಕಳು ಗಿಡ ನೋಡುತ್ತಾ ಹೋಗುತ್ತಾರೆ. ಗೊಡ್ಡು ರೋಗದ ಗಿಡ ಕಂಡರೆ, ಅಂದರೆ ಎಲೆ ಸಣ್ಣದಾಗಿ, ತಿಳಿ ಹಸಿರು ಮಚ್ಚೆ ಬಿದ್ದು, ಪೊದೆಯಂತೆ ನಿಂತದ್ದು, ಕಿತ್ತು ಬದುವಿಗೆ ಒಗೆಯುತ್ತಾರೆ. ಆ ರೋಗ ನುಸಿಯಿಂದ ಹರಡುತ್ತದೆ. ಅಂಥ ಗಿಡವನ್ನು ಯಂತ್ರ ಚಿವುಟಿ ಮುಂದೆ ಹೋದರೆ ಅದು ಇನ್ನಷ್ಟು ಎಳೆ ಕುಡಿ ಹೊರಡಿಸಿ ನುಸಿಗೆ ಹಬ್ಬದೂಟ ಹಾಕುತ್ತದೆ. ದೊಡ್ಡ ಹೊಲವಿದ್ದರೆ ಯಂತ್ರ ಇರಲಿ, ಆದರೆ ಅದಕ್ಕೆ ಮುಂಚೆ ಒಮ್ಮೆ ಸಾಲಿನಲ್ಲಿ ನಡೆದು ಬನ್ನಿ.

2022ರಲ್ಲಿ ನೆಟೆ ರೋಗ ಬಂದು ಹೊಲಗಳು ಒಣಗಿ ನಿಂತದ್ದು ಇಲ್ಲಿ ಯಾರೂ ಮರೆತಿಲ್ಲ. ಆ ವರ್ಷ ಕುಡಿ ಚಿವುಟಿದ್ದಕ್ಕೇ ಹೀಗಾಯಿತು ಅಂತ ನಮ್ಮ ಓಣಿಯಲ್ಲೂ ಕೆಲವರು ಅಂದರು. ನೆಟೆ ಮಣ್ಣಿನೊಳಗಿನ ಶಿಲೀಂಧ್ರ, ಬೇರಿನಿಂದ ಬರುತ್ತದೆ. ತುದಿಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಬೇಕಾದದ್ದು ತಳಿ ಬದಲಿಸುವುದು, ಬೀಜೋಪಚಾರ, ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು, ವರ್ಷ ವರ್ಷ ಅದೇ ಹೊಲಕ್ಕೆ ತೊಗರಿ ಹಾಕದಿರುವುದು.

ಹೂವು ಬಂದ ಮೇಲೆ ಮಾತ್ರ, ದಯವಿಟ್ಟು, ತೊಗರಿಗೆ ಕೈ ಹಚ್ಚಬೇಡಿ. ತೊಗರಿ ತಾನು ಬಿಟ್ಟ ಹೂವಿನಲ್ಲಿ ಬಹುಪಾಲನ್ನು ಹೇಗೂ ಉದುರಿಸುತ್ತದೆ. ಎಷ್ಟು ಕಾಯಿಗೆ ಊಟ ಹಾಕಲು ಆಗುತ್ತದೋ ಅಷ್ಟನ್ನೇ ಇಟ್ಟುಕೊಳ್ಳುತ್ತದೆ. ಆಗ ಎಲೆ ಕಿತ್ತರೆ ಊಟವೇ ಕಡಿಮೆ, ಉದುರುವುದು ಇನ್ನೂ ಜಾಸ್ತಿ. ಆ ಹಂತದಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಅನ್ನೋ ಪೋಷಕಾಂಶದ ಮಿಶ್ರಣ ಸಿಂಪಡಿಸುವವರು ಮಾಡುವುದೂ ಅದೇ, ಎಲೆಗೆ ಇನ್ನಷ್ಟು ಬಲ ಕೊಡುವುದು. ಒಂದು ಕೈಯಿಂದ ಎಲೆಗೆ ಟಾನಿಕ್, ಇನ್ನೊಂದು ಕೈಯಿಂದ ಎಲೆಗೆ ಕತ್ತರಿ, ಆಗುವ ಮಾತಾ?

ಕಡಲೆ, ಪುಂಡಿ: ಎಲೆಯೇ ಪಲ್ಯ ಆದಾಗ

ಹಸಿರೆಲೆ ಕಿತ್ತು ತಿನ್ನುವ ಬೆಳೆಗಳ ಲೆಕ್ಕ ಬೇರೆ. ಕಡಲೆಯನ್ನೇ ನೋಡಿ. ಅಕ್ಟೋಬರಿನಲ್ಲಿ ಬಿತ್ತಿ ಒಂದು ತಿಂಗಳು ದಾಟಿದ ಮೇಲೆ, 30-35 ದಿನಕ್ಕೆ, ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಕುಡಿ ಚಿವುಟುತ್ತಾರೆ. ಕಡಲೆ ಕೊಂಬೆ ಒಡೆಯುತ್ತದೆ, ಮನೆಗೆ ಪಲ್ಯ ಬರುತ್ತದೆ. ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿದರೆ ಬೇಸಿಗೆಗೂ ಆಗುತ್ತದೆ. ಆ ಎಲೆಯ ಮೇಲಿನ ಹುಳಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲದ್ದು. ಹಿಂದೆ ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಕಡಲೆ ಹುಳಿ ತೆಗೆದಿಡುತ್ತಿದ್ದರು, ಹೊಟ್ಟೆನೋವಿಗೆ ಅಂತ.

ಹೂವು ಕಂಡ ದಿನದಿಂದ ಕಡಲೆ ಪಲ್ಯ ಬಂದ್. ನಮ್ಮ ಅವ್ವ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು, ಎಳ್ಳ ಅಮಾವಾಸ್ಯೆಯೊಂದನ್ನು ಬಿಟ್ಟು. ಆ ದಿನ ಭಜ್ಜಿ ಪಲ್ಯಕ್ಕೆ ಹೊಲದಲ್ಲಿ ಸಿಕ್ಕಿದ್ದೆಲ್ಲ ಬೀಳಬೇಕು, ಹಸಿ ತೊಗರಿ ಕಾಳು, ಹಸಿ ಕಡಲೆ, ಮೆಂತ್ಯ, ಹುಣಸಿಕಾಯಿ. ಸಜ್ಜೆ ರೊಟ್ಟಿ ಜೊತೆ. ಅವತ್ತು ಗಿಡದ ಲಾಭ ನಷ್ಟ ಕೇಳುವವರಿಲ್ಲ.

ಪುಂಡಿಯದು ಇನ್ನೂ ಮಜಾ. ಗಾಂಜಾದ ಮಾತು ಎತ್ತಿದ್ದೇನಲ್ಲ, ಅದಕ್ಕೂ ಪುಂಡಿಗೂ ಎಲೆಯ ನಂಟಿದೆ. ಪುಂಡಿಯ ಸಸ್ಯಶಾಸ್ತ್ರದ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಬೆರಳು ಬಿಟ್ಟ ಅದರ ಎಲೆ ಗಾಂಜಾ ಎಲೆಯ ಹಾಗೆ ಕಾಣುತ್ತದೆ ಅಂತಲೇ ಆ ಹೆಸರು. ಕುಲ ಬೇರೆ, ಅದು ದಾಸವಾಳದ ಬಳಗ. ನಿಮ್ಮ ಬದುವಿನ ಪುಂಡಿ ನೋಡಿ ಪಟ್ಟಣದ ಬೀಗರು ಹುಬ್ಬೇರಿಸಿದರೆ ಒಂದು ಎಲೆ ಬಾಯಿಗೆ ಹಾಕಿಕೊಳ್ಳಲು ಹೇಳಿ. ಹುಳಿ ನಾಲಿಗೆಗೆ ತಾಗಿದ ಕೂಡಲೇ ಅನುಮಾನ ಹೋಗುತ್ತದೆ.

ಪುಂಡಿಯಲ್ಲಿ ಮೊದಲು ನಿಮಗೇನು ಬೇಕು ಅಂತ ಗಟ್ಟಿ ಮಾಡಿಕೊಳ್ಳಿ. ಪಲ್ಯ ಬೇಕಾದರೆ ಮೊಣಕಾಲುದ್ದ ಆದಾಗ ತುದಿ ಚಿವುಟಿ. ಕೊಂಬೆ ಒಡೆದು ತಿಂಗಳುಗಟ್ಟಲೆ ಎಲೆ ಕೊಡುತ್ತದೆ. ಜೋಳದ ನುಚ್ಚು, ಕಡಲೆಬೇಳೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮಾಡುವ ಪುಂಡಿ ಪಲ್ಯಕ್ಕೆ ಒಂದು ಮನೆಗೆ ಹತ್ತು ಹದಿನೈದು ಗಿಡ ಸಾಕು. ನಾರು ಬೇಕಾದರೆ ತುದಿ ಮುಟ್ಟಲೇಬಾರದು. ಒತ್ತಾಗಿ ಬಿತ್ತಬೇಕು, ಕೊಂಬೆ ಇಲ್ಲದ ನೇರ ದಂಟು ಬೇಕು. ಕೊಂಬೆ ಒಡೆದಲ್ಲೆಲ್ಲ ನಾರು ತುಂಡಾಗುತ್ತದೆ. ಈಗ ಪುಂಡಿ ನಾರಿನ ಹಗ್ಗ ಹೊಸೆಯುವವರು ಎಷ್ಟು ಜನ ಉಳಿದಿದ್ದಾರೆ, ಅದು ಬೇರೆ ಮಾತು. ಎಲೆ ಕೀಳುವಾಗ ಒಂದು ಗಿಡದಿಂದ ಕೆಳಗಿನ, ಬಲಿತ ನಾಲ್ಕೈದು ಎಲೆ ತೆಗೆದು ಮುಂದಿನ ಗಿಡಕ್ಕೆ ಹೋಗಿ. ಒಂದೇ ಗಿಡವನ್ನು ಬೋಳು ಮಾಡಿ ಬುಟ್ಟಿ ತುಂಬಿಸುವುದು ಸೋಮಾರಿಗಳ ಕೆಲಸ.

ಬೀದರ್ ಕಡೆ, ಯಾದಗಿರಿ ಕಡೆ

ಬೀದರಿನ ಸೋಯಾ ಬೆಳೆಗಾರರು ಎಲೆ ಕೀಳುವುದಿಲ್ಲ, ಹುಳ ಕೀಳುತ್ತದೆ. ಆದರೆ ಎಲೆ ಹೋದರೆ ಎಷ್ಟು ನಷ್ಟ ಅನ್ನೋದಕ್ಕೆ ಸೋಯಾದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಹೂವಿಗೆ ಮುಂಚೆ ಸುಮಾರು ಶೇಕಡಾ 30ರಷ್ಟು ಎಲೆ ಹೋದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಹೂವು, ಕಾಯಿ ಶುರುವಾದ ಮೇಲೆ ಆ ಗೆರೆ ಶೇಕಡಾ 20ರ ಆಸುಪಾಸಿಗೆ ಇಳಿಯುತ್ತದೆ. ಔಷಧಿ ಹೊಡೆಯಬೇಕಾ ಬೇಡವಾ ಅನ್ನೋದನ್ನು ತೀರ್ಮಾನಿಸುವುದೇ ಈ ಲೆಕ್ಕದ ಮೇಲೆ. ಅಂದರೆ ಒಂದೇ ಎಲೆಯ ಬೆಲೆ ಜುಲೈನಲ್ಲಿ ಒಂದು, ಆಗಸ್ಟ್ ಕೊನೆಗೆ ಇನ್ನೊಂದು. ಮಾಳಿಗೆ ಮೇಲಿನ ಮೆಣಸಿನ ಗಿಡಕ್ಕೂ ಇದೇ ನ್ಯಾಯ. ಎಳೆ ಗಿಡದ ಎಲೆ ಕಿತ್ತ ತಪ್ಪು ಮುಚ್ಚಿಹೋಗುತ್ತದೆ, ಕಾಯಿ ತುಂಬುವಾಗ ಕಿತ್ತದ್ದು ಮುಚ್ಚುವುದಿಲ್ಲ.

ಕಬ್ಬಿನಲ್ಲಿ ರವದಿ ಬಿಡಿಸುವುದು ಒಳ್ಳೆಯ ಕೆಲಸ. ಐದನೇ ತಿಂಗಳು, ಏಳನೇ ತಿಂಗಳು ಒಣಗಿದ ಎಲೆ ಬಿಡಿಸಿ ಸಾಲಿನಲ್ಲೇ ಹಾಸಿದರೆ ಹಸಿ ಉಳಿಯುತ್ತದೆ. ತೊಂದರೆ ಬರುವುದು ಬರಗಾಲದಲ್ಲಿ. ದನಕ್ಕೆ ಮೇವಿಲ್ಲ ಅಂತ ಹಸಿರು ಎಲೆಯನ್ನೂ ಸೀಳುತ್ತಾರೆ. ಬೈಯಲು ಮನಸ್ಸು ಬರುವುದಿಲ್ಲ, ದನ ಉಪವಾಸ ಕೆಡವಲಾಗುತ್ತದಾ? ಮೇಲಿನ ಎಂಟು ಹತ್ತು ಎಲೆಯನ್ನಾದರೂ ಬಿಡಿ, ಸಕ್ಕರೆ ಹುಟ್ಟುವುದು ಅಲ್ಲೇ. ಜೋಳದ ಎಲೆಯನ್ನು ಹಾಗೆ ಸೀಳಿ ಹಾಕುವಾಗ ಇನ್ನೊಂದು ಎಚ್ಚರ ಬೇಕು. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ್ದರಲ್ಲಿ, ಮತ್ತೆ ಚಿಗುರಿದ್ದರಲ್ಲಿ ಸೈನೈಡಿನ ವಿಷ ಇರುತ್ತದೆ. ದನ ನಿಂತ ನಿಲುವಿನಲ್ಲಿ ಬೀಳುತ್ತದೆ.

ಯಾದಗಿರಿ ಕಡೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಶಹಾಪುರ, ಸುರಪುರದ ಗದ್ದೆಗಳಲ್ಲಿ ಆರೋಗ್ಯವಂತ ಎಲೆಯನ್ನು ಬೇಕೆಂದೇ ಕತ್ತರಿಸುವ ಪದ್ಧತಿ ಇದೆ. ಭತ್ತದ ಸಸಿ ನಾಟಿಗೆ ಮುಂಚೆ ಕಟ್ಟಿನ ತುದಿ ಸವರುತ್ತಾರೆ. ಕಾಂಡ ಕೊರಕದ ಚಿಟ್ಟೆ ಮೊಟ್ಟೆ ಇಡುವುದು ಎಲೆಯ ತುದಿ ಹತ್ತಿರ. ತುದಿ ಹೋದರೆ ಮೊಟ್ಟೆಯೂ ಹೋಗುತ್ತದೆ. ಜಾಣ ಉಪಾಯ. ಆದರೆ ದುಂಡಾಣು ಅಂಗಮಾರಿ ಬರುವ ಗದ್ದೆಯಲ್ಲಿ ಇದೇ ಉಪಾಯ ತಿರುಗುಬಾಣ. ಕತ್ತರಿಸಿದ ತುದಿಯ ಗಾಯ ಆ ದುಂಡಾಣುವಿಗೆ ತೆರೆದ ಬಾಗಿಲು. ಬಿಪಿಟಿ 5204 ಭತ್ತದ ತಳಿ ಹಾಕಿದವರು, ಹೋದ ವರ್ಷ ಎಲೆ ಅಂಚು ಒಣಗಿದ್ದನ್ನು ಕಂಡವರು ತುದಿ ಸವರದೇ ಇರುವುದು ವಾಸಿ. ಮೊಟ್ಟೆ ಕಂಡ ಎಲೆಯನ್ನಷ್ಟೇ ಕೈಯಿಂದ ತೆಗೆಯಿರಿ.

ದಾಳಿಂಬೆಯವರು ಇಡೀ ಗಿಡವನ್ನೇ ಬೋಳು ಮಾಡುತ್ತಾರಲ್ಲ ಅಂತ ಕೇಳಬಹುದು. ಅವರು ನೀರು ನಿಲ್ಲಿಸಿ, ಔಷಧಿ ಹೊಡೆದು ಎಲೆ ಉದುರಿಸುವುದು ಎಲ್ಲ ಹೂವು ಒಟ್ಟಿಗೆ ಬರಲಿ ಅಂತ. ಅದು ವರ್ಷಗಟ್ಟಲೆ ಬದುಕುವ, ಕಾಂಡದಲ್ಲಿ ಕೂಡಿಟ್ಟ ಬಂಡವಾಳ ಇರುವ ಗಿಡ. ನಾಲ್ಕು ತಿಂಗಳ ಟೊಮ್ಯಾಟೊಗೆ ಆ ಗಂಟು ಎಲ್ಲಿದೆ?

ಮನೆಯಂಗಳದ ಗಿಡಕ್ಕೆ

ಟೊಮ್ಯಾಟೊ, ಬದನೆ ಇಟ್ಟುಕೊಂಡವರಿಗೆ ನಾನು ಹೇಳುವುದು ಇಷ್ಟು. ಮಣ್ಣಿಗೆ ತಾಗುವ ಎಲೆ, ಹಸಿರಿದ್ದರೂ ತೆಗೆಯಿರಿ. ನೀರು ಹಾಕುವಾಗ ಮಣ್ಣು ಸಿಡಿದು ಅಂಗಮಾರಿ ಹತ್ತುವುದು ಅಲ್ಲಿಂದಲೇ. ಆದರೆ ಗಿಡ ಎರಡು ಅಡಿ ದಾಟಿದ ಮೇಲೆ, ಕೆಳಗಿನ ಒಂದು ಅಡಿಯಷ್ಟು ಮಾತ್ರ, ಒಂದು ಸಲಕ್ಕೆ ಎರಡು ಮೂರು ಎಲೆ. ಕೋಲಿಗೆ ಕಟ್ಟಿ ಬೆಳೆಸುವ ಬಳ್ಳಿ ಜಾತಿಯ ಟೊಮ್ಯಾಟೊ ಆದರೆ ಕಂಕುಳ ಚಿಗುರು, ಅಂದರೆ ಎಲೆ ಕಾಂಡಕ್ಕೆ ಸೇರುವಲ್ಲಿ ಹುಟ್ಟುವ ಚಿಗುರು, ಚಿವುಟಬಹುದು. ಗಿಡ್ಡ ಜಾತಿಯದಾದರೆ ಅದನ್ನೂ ಮುಟ್ಟಬೇಡಿ, ಅದರ ಕಾಯಿ ಬರುವುದೇ ಆ ಚಿಗುರಿನಲ್ಲಿ. ಬದನೆಯಲ್ಲಿ ತಲೆ ಬಾಗಿದ ಕುಡಿ ಕಂಡರೆ ಒಳಗೆ ಹುಳ ಇದೆ ಅಂತ ಅರ್ಥ. ವಾರಕ್ಕೊಮ್ಮೆ ಕತ್ತರಿಸಿ ಸುಟ್ಟುಬಿಡಿ.

ಕಾಯಿಯ ಮೇಲೆ, ಪಡುವಣ ದಿಕ್ಕಿಗೆ ಇರುವ ಎಲೆಯನ್ನು ಫೆಬ್ರವರಿಯಿಂದ ಜೂನ್‌ವರೆಗೆ ಯಾವ ಕಾರಣಕ್ಕೂ ಕೀಳಬೇಡಿ. ಮಧ್ಯಾಹ್ನ ಮೂರರ ಬಿಸಿಲು ಬೀಳುವುದು ಆ ಕಡೆಯಿಂದ. 32 ಡಿಗ್ರಿ ಮೀರಿದರೆ ಟೊಮ್ಯಾಟೊಗೆ ಕೆಂಪು ಬಣ್ಣ ಕೊಡುವ ಅಂಶವೇ ಸರಿಯಾಗಿ ಹುಟ್ಟುವುದಿಲ್ಲ, ಹಣ್ಣು ಹಳದಿಯಾಗಿ ನಿಂತುಬಿಡುತ್ತದೆ. ಮಳೆಗಾಲದಲ್ಲಿ, ಗಿಡ ಒತ್ತಾಗಿ ಬೆಳೆದು ಒಳಗೆ ಗಾಳಿ ಆಡದಿದ್ದರೆ, ನಡುವಿನ ನಾಲ್ಕು ಎಲೆ ತೆಗೆದರೆ ತಪ್ಪಿಲ್ಲ. ಕೆನಡಾದ ವಿಡಿಯೋ ನಮಗೆ ಹೊಂದುವುದು ಆ ಮಳೆಗಾಲದ ದಿನಗಳಲ್ಲಿ ಮಾತ್ರ.

ಕೀಳುವುದೇ ಆದರೆ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ. ಗಾಯ ಸಂಜೆಯೊಳಗೆ ಒಣಗುತ್ತದೆ. ತಂಬಾಕು ತಿಕ್ಕಿದ ಕೈ ಆದರೆ ಸಾಬೂನಿನಿಂದ ತೊಳೆದುಕೊಳ್ಳಿ. ತಂಬಾಕಿನ ಮೊಸಾಯಿಕ್ ವೈರಸ್ ಟೊಮ್ಯಾಟೊಗೂ ಹತ್ತುತ್ತದೆ, ಹತ್ತುವುದೇ ಕೈಯಿಂದ. ಇದನ್ನು ನಮ್ಮ ಕಡೆ ಹೇಳಿದರೆ ಗಂಡಸರು ನಗುತ್ತಾರೆ.

ಇಷ್ಟು ಓದಿಯೂ ನಂಬಿಕೆ ಬರದಿದ್ದರೆ ತೊಗರಿಯಲ್ಲೇ ಪರೀಕ್ಷೆ ಮಾಡಿ. ಈ ಮುಂಗಾರಿಗೆ ಕುಡಿ ಚಿವುಟುವಾಗ ಹೊಲದ ನಡುವೆ ನಾಲ್ಕು ಸಾಲು ಹಾಗೇ ಬಿಡಿ. ಬದುವಿನ ಸಾಲು ಬೇಡ, ಅಲ್ಲಿ ಬೆಳಕು ಗಾಳಿ ಬೇರೆ ಇರುತ್ತದೆ. ರಾಶಿಯ ದಿನ ಆ ನಾಲ್ಕು ಸಾಲನ್ನೂ ಪಕ್ಕದ ನಾಲ್ಕು ಸಾಲನ್ನೂ ಬೇರೆ ಬೇರೆ ಬಡಿದು, ಬೇರೆ ಚೀಲಕ್ಕೆ ತುಂಬಿ ತೂಗಿ. ಚಿವುಟಿದ ಕೂಲಿಯನ್ನು ಕಳೆದು ನೋಡಿ.

ನಾನೂ ಹೋದ ವರ್ಷ ಹಾಗೇ ನಾಲ್ಕು ಸಾಲು ಬಿಟ್ಟು, ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ ಬಂದಿದ್ದೆ. ಮರುದಿನ ಯಂತ್ರದ ಹುಡುಗ ಫೋನ್ ಮಾಡಿದ: "ಸಾವ್ಕಾರ್ರ, ನಡುವಿನ ನಾಕ್ ಸಾಲು ಉಳಿದುಬಿಟ್ಟಿದ್ವು. ಚೂಟೀನಿ ನೋಡ್ರಿ. ಅದಕ್ಕ ರೊಕ್ಕ ಬ್ಯಾಡ."